ಮನೆ ಅಡಮಾನವಿಟ್ಟು ಮಕ್ಕಳನ್ನು ಜರ್ಮನಿಗೆ ಓದಲು ಕಳಿಸಬೇಕೇ?

ಬೆಳಗಾವಿಯ ತಿಲಕವಾಡಿ, ಅನಗೋಳ, ಹಿಂದವಾಡಿಯ ಮನೆಗಳಲ್ಲಿ, ಈಚೆಗೆ ಖಾನಾಪುರ ತಾಲೂಕಿನ ಹಳ್ಳಿಗಳಲ್ಲೂ, ಬಿ.ಇ. ಮುಗಿಸಿದ ಮಕ್ಕಳ ಬಾಯಲ್ಲಿ ಜರ್ಮನಿಯ ಮಾತು. ‘ಅಲ್ಲಿ ಫೀ ಇಲ್ಲಂತ’ ಎಂದು ಶುರುವಾದ ಚರ್ಚೆ ಬ್ಯಾಂಕಿನ ಸಾಲಕ್ಕೆ ಬಂದು ನಿಲ್ಲುತ್ತದೆ. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49 ಸಾವಿರ ದಾಟಿದ್ದರು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಇಂದು ನಮ್ಮವರದೇ ದೊಡ್ಡ ಗುಂಪು. ಈ ಪ್ರಶ್ನೆಯ ಬಗ್ಗೆ ಒಂದೇ ಓಣಿಯ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ಅನಗೋಳದಿಂದ ಹೋಗಿ ಸ್ಯಾಕ್ಸನಿ ರಾಜ್ಯದಲ್ಲಿ ಎಂ.ಎಸ್. ಓದಿದ ಇಂಜಿನಿಯರ್. ಇನ್ನೊಬ್ಬರು ಖಾನಾಪುರದಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು.

ಪರ: ಮದುವೆಗೆ ಸಾಲ ನಡೆಯುವುದಾದರೆ ಓದಿಗೇಕೆ ನಡೆಯಬಾರದು?

ಮಗಳ ಮದುವೆಗೆ ಹತ್ತು-ಹದಿನೈದು ಲಕ್ಷ ಸಾಲ ಮಾಡಿದವರನ್ನು ನಮ್ಮ ಓಣಿಯಲ್ಲಿ ಯಾರೂ ತಡೆದು ಕೇಳಿದ್ದಿಲ್ಲ. ಸೊಸಾಯಿಟಿಯ ಸಾಲ, ಬಂಗಾರದ ಮೇಲಿನ ಸಾಲ, ಬೀಗರ ಕೈಗಡ ಎಲ್ಲವೂ ಮಂಗಲ ಕಾರ್ಯಾಲಯದಲ್ಲಿ ಎರಡು ದಿನಕ್ಕೆ ಕರಗುತ್ತದೆ. ಅಷ್ಟೇ ದುಡ್ಡಿನಲ್ಲಿ ಎರಡು ವರ್ಷ ಓದಿ ಬರುತ್ತೇನೆಂದು ಅದೇ ಮಗಳು ಹೇಳಿದರೆ ಮಾತ್ರ ಮನೆ ಹೋದೀತೆಂಬ ಭಯ ಹುಟ್ಟುತ್ತದೆ. ನನ್ನ ವಾದ ಇಲ್ಲಿಂದ ಶುರು.

ಹಣದ ಲೆಕ್ಕ ಮೊದಲು ಹೇಳುತ್ತೇನೆ, ನಮ್ಮ ಕಡೆ ಹೆಚ್ಚಿನ ಗೊಂದಲ ಅದರಲ್ಲೇ ಇದೆ. ವೀಸಾಕ್ಕಾಗಿ ತೋರಿಸಬೇಕಾದ 11,904 ಯೂರೋ, ಅಂದರೆ ಸುಮಾರು ಹನ್ನೆರಡು-ಹದಿಮೂರು ಲಕ್ಷ ರೂಪಾಯಿ, ಯಾರಿಗೋ ಕಟ್ಟುವ ಫೀ ಎಂದು ಎಷ್ಟೋ ಪಾಲಕರು ತಿಳಿದಿದ್ದಾರೆ. ಆ ದುಡ್ಡು ವಿದ್ಯಾರ್ಥಿಯ ಹೆಸರಿನಲ್ಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ ಇರುತ್ತದೆ, ತಿಂಗಳಿಗೆ 992 ಯೂರೋದಂತೆ ಅವರ ಕೈಗೇ ಬರುತ್ತದೆ. ಬಾಡಿಗೆ, ಊಟ, ಆರೋಗ್ಯ ವಿಮೆ ಅದರಲ್ಲೇ ನಡೆಯಬೇಕು. ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರ್‌ಗೊಮ್ಮೆ ಕೆಲವು ನೂರು ಯೂರೋ ವಂತಿಗೆ ಕಟ್ಟಿದರೆ ಅದರಲ್ಲೇ ಬಸ್ಸು-ರೈಲಿನ ಪಾಸೂ ಹಲವು ಕಡೆ ಸೇರಿರುತ್ತದೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಅದಕ್ಕೂ ಹೆಚ್ಚು ಕೇಳುತ್ತದೆ. ಅವೆರಡನ್ನು ಬಿಟ್ಟು ಆರಿಸಿಕೊಳ್ಳಲು ದೇಶ ತುಂಬ ಜಾಗವಿದೆ.

ಎರಡನೆಯ ವರ್ಷದ ಖರ್ಚಿಗೆ ಮನೆಯಿಂದ ಮತ್ತೆ ದುಡ್ಡು ತರಿಸಬೇಕಾಗಿಯೇ ಇಲ್ಲ. ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದೆಂದು 2024ರ ಮಾರ್ಚ್‌ನಿಂದ ಕಾನೂನಿದೆ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಗೋದಾಮಿನಲ್ಲಿ ಪೆಟ್ಟಿಗೆ ಹೊಂದಿಸುವುದು, ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು, ವಿಭಾಗದ ಪ್ರಯೋಗಾಲಯದಲ್ಲಿ ಸಹಾಯಕರಾಗುವುದು (ಇದಕ್ಕೆ ಅಲ್ಲಿ ‘ಹೀವಿ’ ಕೆಲಸ ಎನ್ನುತ್ತಾರೆ), ಯಾವುದಕ್ಕೂ ಈ ದರಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ನಾನು ಮೊದಲು ಮಾಡಿದ್ದು ಬೇಕರಿಯ ಕೆಲಸ. ಬೆಳಗಿನ ನಾಲ್ಕಕ್ಕೆ, ಮೈನಸ್ ಡಿಗ್ರಿಯ ಚಳಿಯಲ್ಲಿ ನಡೆದು ಹೋಗಿ ಮೈದಾ ಮೂಟೆ ಎಳೆಯುವಾಗ ಉದ್ಯಮಬಾಗದ ಫೌಂಡ್ರಿಯಲ್ಲಿ ಮೋಲ್ಡಿಂಗ್ ಮಾಡುವ ಅಪ್ಪನ ಕೈ ಎಂಥದೆಂದು ನನಗೆ ಅರ್ಥವಾಯಿತು. ಅಂಥ ಕೆಲಸಕ್ಕೆ ಅಲ್ಲಿ ಸಂಬಳದ ಚೀಟಿ ಇದೆ, ರಜೆ ಇದೆ, ಜ್ವರ ಬಂದರೂ ಸಂಬಳ ಇದೆ. ದುಡಿಮೆಗೆ ಮರ್ಯಾದೆ ಕೊಡುವ ವ್ಯವಸ್ಥೆಯನ್ನು ಇಪ್ಪತ್ಮೂರರ ವಯಸ್ಸಿಗೆ ಕಣ್ಣಾರೆ ಕಾಣುವುದು ದೊಡ್ಡ ಶಿಕ್ಷಣವೆಂದು ನಾನು ನಂಬುತ್ತೇನೆ.

ನಮ್ಮ ಊರಿಗೂ ಆ ದೇಶಕ್ಕೂ ಎರಕದ ನಂಟಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದು ಉದ್ಯಮ ಶುರು ಮಾಡಿದ್ದು ಬೆಳಗಾವಿಯಲ್ಲಿ. ಇಂದು ಉದ್ಯಮಬಾಗದಲ್ಲಿ ಸಾಲು ಸಾಲು ಫೌಂಡ್ರಿ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳ ಕಾರ್ಖಾನೆಗಳಿವೆ. ಸ್ಯಾಕ್ಸನಿಯ ಫ್ರೈಬರ್ಗ್‌ನಲ್ಲಿ 1765ರಲ್ಲಿ ಹುಟ್ಟಿದ ಗಣಿ ವಿಶ್ವವಿದ್ಯಾಲಯವಿದೆ, ಅಲ್ಲಿ ಎರಕಕ್ಕೆಂದೇ ಒಂದು ಸಂಶೋಧನಾ ವಿಭಾಗವಿದೆ. ಆಖೆನ್‌ನಲ್ಲೂ ಇದೆ. ನಮ್ಮ ಅಪ್ಪಂದಿರು ಕಣ್ಣಳತೆಯಲ್ಲಿ ಮಾಡುವ ಕೆಲಸವನ್ನು ಅಲ್ಲಿ ಅಳೆದು, ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡಿ ಕಲಿಸುತ್ತಾರೆ. ಫೌಂಡ್ರಿ ಕೂಲಿಯ ಮಗಳು ಅಲ್ಲಿಗೆ ಹೋಗಬಾರದೆಂದರೆ ಇನ್ನಾರು ಹೋಗಬೇಕು?

ದಿನನಿತ್ಯದ ಬದುಕು ಸುಲಭವೆಂದು ನಾನು ಹೇಳುವುದಿಲ್ಲ. ಹೋದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು, ಮನೆಯೇ ಸಿಗದಿದ್ದರೆ ಪತ್ರ ಎಲ್ಲಿಂದ? ಠೇವಣಿ ಮೂರು ತಿಂಗಳ ಬಾಡಿಗೆಯವರೆಗೆ. ಟಿವಿ ಇಲ್ಲದ ಮನೆಗೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕದ ಬಿಲ್ಲು ಅಂಚೆಯಲ್ಲಿ ಬರುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ; ಶನಿವಾರ ಮರೆತರೆ ಇದ್ದುದರಲ್ಲೇ ಊಟ. ರಾತ್ರಿ ಹತ್ತರ ನಂತರ ಗದ್ದಲವಾದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ನಾಲ್ಕು ಜನ ಹಂಚಿಕೊಂಡ ಅಡುಗೆಮನೆಯಲ್ಲಿ ಯಾರು ಯಾವ ವಾರ ನೆಲ ಒರೆಸಬೇಕೆಂಬ ಪಟ್ಟಿ ಗೋಡೆಯ ಮೇಲಿರುತ್ತದೆ. ನಮ್ಮ ಕಡೆಯ ಗಂಡು ಮಕ್ಕಳು ಜೀವನದಲ್ಲಿ ಮೊದಲ ಬಾರಿ ಸಂಡಾಸು ತೊಳೆಯುವುದು ಅಲ್ಲಿ, ಅದು ಒಳ್ಳೆಯದೇ. ಭಾರತೀಯ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ರೊಟ್ಟಿ ಬಡಿಯುವ ಸದ್ದಿಗೆ ಜರ್ಮನ್ ಹುಡುಗಿ ಎದ್ದು ಬಂದು ಒಂದು ರೊಟ್ಟಿ ತಿಂದು ಹೋದರೆ ಅಂದಿಗೆ ಸ್ನೇಹ ಶುರು.

ಭಾಷೆಯ ಭಯ ನಮಗೆ ಹೆಚ್ಚು ಇರಬಾರದು. ಖಾನಾಪುರದ ಹುಡುಗ ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ರೈಲಿನಲ್ಲಿ ಹಿಂದಿ, ಲೋಂಡಾ ದಾಟಿದ ಮೇಲೆ ಕೊಂಕಣಿ ಆಡಿ ಬೆಳೆದವನು. ಒಂದೇ ಭಾಷೆಯ ಊರಿನಿಂದ ಬಂದವರಿಗಿಂತ ಅವನ ಕಿವಿ ಬೇಗ ಹೊಂದಿಕೊಳ್ಳುತ್ತದೆ.

ಮುಂದೆ ಬರೆಯುವ ನಮ್ಮ ಓಣಿಯ ಬ್ಯಾಂಕ್ ಕಾಕಾ ಕೆಲಸದ ಮಾತು ಎತ್ತುತ್ತಾರೆ, ಎತ್ತಲಿ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಜರ್ಮನಿ 18 ತಿಂಗಳು ಕೊಡುತ್ತದೆ. ಅಷ್ಟು ಕಾಲ ಯಾವ ಕೆಲಸವನ್ನಾದರೂ ಮಾಡಿ ಬದುಕಬಹುದು. ಅಲ್ಲಿಯೇ ಓದಿ ಅರ್ಹ ಕೆಲಸ ಹಿಡಿದವರಿಗೆ ಎರಡು ವರ್ಷದಲ್ಲಿ ಕಾಯಂ ವಾಸದ ಪರವಾನಗಿ ಕೇಳುವ ಹಕ್ಕು ಬರುತ್ತದೆ. ಹೆಣ್ಣುಮಗಳಾಗಿ ಒಂದು ಮಾತು ಸೇರಿಸುತ್ತೇನೆ: ರಾತ್ರಿ ಗ್ರಂಥಾಲಯ ಮುಚ್ಚುವವರೆಗೆ ಓದಿ, ಒಬ್ಬಳೇ ನಡೆದು ಕೋಣೆಗೆ ಬಂದು, ಯಾರಿಗೂ ಉತ್ತರ ಕೊಡದೆ ಮಲಗಿದ ದಿನಗಳಲ್ಲಿ ನಾನು ಯಾರೆಂದು ನನಗೆ ತಿಳಿಯಿತು. ಅದಕ್ಕಾಗಿ ಅಪ್ಪ ಮನೆಯ ಕಾಗದ ಬ್ಯಾಂಕಿಗೆ ಕೊಟ್ಟದ್ದು ಸರಿಯೇ ಆಗಿತ್ತು. ಸಾಲದ ಕಂತನ್ನು ಇಂದು ನಾನೇ ಕಟ್ಟುತ್ತಿದ್ದೇನೆ.

ವಿರೋಧ: ಓದು ಮಕ್ಕಳದು, ಹೊರೆ ಅಪ್ಪ-ಅವ್ವನದು

ನಮ್ಮ ಓಣಿಯ ಮಗಳು ಬರೆದುದರಲ್ಲಿ ಸುಳ್ಳು ಒಂದೂ ಇಲ್ಲ. ಮದುವೆ ಸಾಲದ ಮಾತು ನನಗೂ ನಾಟಿದೆ. ಆದರೆ ಗೆದ್ದವರು ಬಂದು ಮಾತಾಡುತ್ತಾರೆ, ಸೋತವರು ಊರಿಗೆ ಬಂದರೂ ಸಂಜೆಯಾದ ಮೇಲಷ್ಟೇ ಮನೆಯಿಂದ ಹೊರಬೀಳುತ್ತಾರೆ. ಬ್ಯಾಂಕಿನ ಮೇಜಿನ ಈಚೆಗೆ ಕುಳಿತ ನನಗೆ ಕಂಡವರು ಅವರ ಅಪ್ಪಂದಿರು.

ಸಾಲದ ನಿಯಮ ಮೊದಲು ತಿಳಿಯಲಿ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಸ್ಥಿರಾಸ್ತಿಯ ಭದ್ರತೆ ಕೇಳುತ್ತದೆ. ವಿದೇಶದ ಓದಿಗೆ ಖರ್ಚಿನ ಶೇ. 15ರಷ್ಟು ಪಾಲು ಮನೆಯವರೇ ಹಾಕಬೇಕು. ತಿಲಕವಾಡಿಯಲ್ಲಿ ಮನೆ, ಎನ್.ಎ. ಆದ ಪ್ಲಾಟು ಇದ್ದವರಿಗೆ ಇದು ತೊಂದರೆಯಲ್ಲ. ಜಾಂಬೋಟಿಯ ಕಡೆಯ ರೈತ ಆರು ಎಕರೆಯ ಉತಾರ ಹಿಡಿದು ಬಂದರೆ ನಾನು ಏನು ಹೇಳಬೇಕಿತ್ತು? ಬಾಕಿ ವಸೂಲಿಗೆ ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯ್ದೆ ಸಾಗುವಳಿ ಜಮೀನಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಶಿಕ್ಷಣ ಸಾಲಕ್ಕೆ ಹೊಲವನ್ನು ಭದ್ರತೆಯಾಗಿ ಒಪ್ಪುವುದು ಅಪರೂಪ. ಗಾವಠಾಣದ ಮನೆಗೆ ಈ-ಸ್ವತ್ತು ದಾಖಲೆ ಸರಿಯಿಲ್ಲದಿದ್ದರೆ ಅದೂ ನಡೆಯದು. ‘ಹಂಗಾರ ಹೊಲ ಇದ್ದೂ ಇಲ್ಲದಂಗ ಆತಲ್ರೀ ಸಾಹೇಬ್ರ?’ ಎಂದು ಕೇಳುತ್ತಿದ್ದರು. ಅಲ್ಲಿಂದ ಅವರು ಮನೆಗೆ ಹೋಗುವುದಿಲ್ಲ. ಭದ್ರತೆ ಕೇಳದೆ ಹೆಚ್ಚಿನ ಬಡ್ಡಿ ಹಾಕುವ ಫೈನಾನ್ಸ್ ಕಂಪನಿಗೆ ಹೋಗುತ್ತಾರೆ, ಇಲ್ಲವೇ ಅವ್ವನ ಬಂಗಾರ, ಸೊಸಾಯಿಟಿ, ಕೊನೆಗೆ ಹೊಲ ಮಾರಾಟ. ಖಾನಾಪುರದ ಹುಡುಗನಿಗೂ ಬೆಳಗಾವಿಯ ಹುಡುಗಿಗೂ ಜರ್ಮನಿ ಒಂದೇ ಇರಬಹುದು, ಅಲ್ಲಿಗೆ ಹೋಗುವ ಸಾಲ ಒಂದೇ ಅಲ್ಲ.

ಕಂತಿನ ಲೆಕ್ಕ ನೋಡಿ. 20 ಲಕ್ಷ ಸಾಲ, ಶೇ. 11 ಬಡ್ಡಿ. ಎರಡು ವರ್ಷದ ಓದು ಮತ್ತು ನಂತರದ ಒಂದು ವರ್ಷ ಕಂತಿಲ್ಲ, ಆದರೆ ಬಡ್ಡಿ ಏರುತ್ತಿರುತ್ತದೆ. ಪೂರ್ತಿ ಹಣ ಮೊದಲೇ ಎತ್ತಿದ್ದರೆ ಮೂರು ವರ್ಷಕ್ಕೆ 6.6 ಲಕ್ಷ ಬಡ್ಡಿ ಸೇರಿ ಸಾಲ 26.6 ಲಕ್ಷವಾಗುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ 36 ಸಾವಿರ ರೂಪಾಯಿ ದಾಟುವ ಕಂತು. ಯೂರೋದಲ್ಲಿ ಸಂಬಳ ಬರುತ್ತಿದ್ದರೆ ಇದು ಹಗುರ. ಬರದಿದ್ದರೆ, ಉದ್ಯಮಬಾಗದಲ್ಲಿ ಹೊಸದಾಗಿ ಸೇರಿದ ಇಂಜಿನಿಯರನ ಇಡೀ ಪಗಾರ ಇದಕ್ಕೇ ಸಾಲದು.

ಆ ಸಂಬಳ ಬರದಿರುವ ಸಾಧ್ಯತೆ ಈಗ ಹೆಚ್ಚಿದೆ. ನಮ್ಮ ಮೆಕ್ಯಾನಿಕಲ್ ಹುಡುಗರ ಕಣ್ಣೆಲ್ಲ ಕಾರು ಕಂಪನಿಗಳ ಮೇಲೆ. ಫೋಕ್ಸ್‌ವ್ಯಾಗನ್ 2030ರೊಳಗೆ ಜರ್ಮನಿಯಲ್ಲಿ 35 ಸಾವಿರ ಹುದ್ದೆ ಕಡಿಮೆ ಮಾಡಲು 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘದೊಡನೆ ಒಪ್ಪಂದ ಮಾಡಿಕೊಂಡಿತು. ಬಾಷ್ 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 13 ಸಾವಿರ ಹುದ್ದೆ ತೆಗೆಯುವುದಾಗಿ ಹೇಳಿತು. ಜರ್ಮನಿಯ ಆರ್ಥಿಕತೆ 2023ರಲ್ಲೂ 2024ರಲ್ಲೂ ಕುಗ್ಗಿತು. ಇಂಥ ಕಾಲದಲ್ಲಿ ಕಂಪನಿ ಮೊದಲು ಕೇಳುವುದು ಜರ್ಮನ್ ಭಾಷೆಯನ್ನು. ತರಗತಿ ಇಂಗ್ಲಿಷಿನಲ್ಲಿ ನಡೆದಿರುತ್ತದೆ, ಸಂಜೆ ಗೋದಾಮಿನ ಕೆಲಸ, ಮನೆಗೆ ಬಂದರೆ ಭಾರತೀಯ ಗೆಳೆಯರು. ಎರಡು ವರ್ಷ ಮುಗಿದರೂ ಅಂಗಡಿಯಲ್ಲಿ ಬ್ರೆಡ್ ಕೇಳುವಷ್ಟೇ ಭಾಷೆ ಬಂದಿರುತ್ತದೆ. ಮರಾಠಿ-ಕನ್ನಡ-ಕೊಂಕಣಿಯನ್ನು ನಮ್ಮ ಮಕ್ಕಳು ಓಣಿಯಲ್ಲಿ ಆಡುತ್ತಾ ಕಲಿತರು. ದಣಿದು ಬಂದ ರಾತ್ರಿ ಪುಸ್ತಕ ಹಿಡಿದು ಕಲಿಯುವ ಭಾಷೆ ಅಷ್ಟು ಸುಲಭಕ್ಕೆ ಬರುವುದಿಲ್ಲ.

ಪರೀಕ್ಷೆಯ ವಿಷಯ ಏಜೆಂಟರು ಹೇಳುವುದೇ ಇಲ್ಲ. ಮಚ್ಛೆಯ ವಿಟಿಯುದಲ್ಲಿ ಬ್ಯಾಕ್‌ಲಾಗ್ ಉಳಿದರೆ ಮುಂದಿನ ಸಲ ಬರೆದು ತೆಗೆಯುವ ರೂಢಿ ನಮ್ಮ ಹುಡುಗರಿಗೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಒಂದು ಪರೀಕ್ಷೆಗೆ ಮೂರು ಅವಕಾಶ. ಕಡ್ಡಾಯ ಪತ್ರಿಕೆಯೊಂದರಲ್ಲಿ ಮೂರನೆಯದೂ ಹೋದರೆ ಹೆಸರು ತೆಗೆಯುತ್ತಾರೆ, ಅದೇ ಕೋರ್ಸನ್ನು ಆ ದೇಶದ ಬೇರೆ ವಿಶ್ವವಿದ್ಯಾಲಯದಲ್ಲೂ ಮುಂದುವರಿಸುವುದು ಕಷ್ಟ. ಓದು ನಿಂತರೆ ಓದಿಗಾಗಿ ಕೊಟ್ಟ ವಾಸದ ಪರವಾನಗಿಗೂ ಆಧಾರವಿಲ್ಲ. ಬೆಳಗಿನ ನಾಲ್ಕಕ್ಕೆ ಬೇಕರಿಗೆ ಹೋಗುವ ಮಗು ಒಂಬತ್ತರ ಪರೀಕ್ಷೆಯಲ್ಲಿ ಏನು ಬರೆದೀತು ಎಂದು ನನ್ನ ಜೀವ ಮಿಡುಕುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ, ಸೋತ ಸುದ್ದಿಯನ್ನು ಮನೆಗೆ ಹೇಳಲಾಗದೆ ಫೋನಿನಲ್ಲಿ ‘ಎಲ್ಲಾ ಆರಾಮ ಐತ್ರಿ ಅಪ್ಪಾ’ ಎನ್ನುವ ಮಕ್ಕಳಿದ್ದಾರೆ. ಸಾಲ ಹೆಚ್ಚಿದಷ್ಟೂ ಈ ಸುಳ್ಳು ಹೆಚ್ಚುತ್ತದೆ.

ಅಲ್ಲಿನ ವಾತಾವರಣವೂ ಗಡುಸಾಗುತ್ತಿದೆ. ನಮ್ಮ ಮಕ್ಕಳು ಹೆಚ್ಚು ಹೋಗುವ ಸ್ಯಾಕ್ಸನಿಯ ಕೆಮ್ನಿಟ್ಸ್‌ನಲ್ಲೇ 2018ರ ಆಗಸ್ಟ್‌ನಲ್ಲಿ ವಿದೇಶಿಯರ ವಿರುದ್ಧ ಗಲಭೆಯಾಯಿತು. ವಲಸೆಯನ್ನು ವಿರೋಧಿಸುವ ಪಕ್ಷ 2025ರ ಸಂಸತ್ ಚುನಾವಣೆಯಲ್ಲಿ ಎರಡನೆಯ ಸ್ಥಾನಕ್ಕೆ ಬಂತು. ಇದರಿಂದ ಯಾರೂ ಹೋಗಬಾರದೆಂದಲ್ಲ, ಪಾಲಕರಿಗೆ ಗೊತ್ತಿರಲಿ.

ಓದಿಗೆ ಹೋಗುವುದನ್ನು ನಾನು ತಡೆಯುತ್ತಿಲ್ಲ, ಮನೆ ಪಣಕ್ಕಿಡುವುದನ್ನು ತಡೆಯುತ್ತಿದ್ದೇನೆ. ದಾರಿಗಳಿವೆ. ಬಿ.ಇ. ಆದ ಮೇಲೆ ಎರಡು ವರ್ಷ ಉದ್ಯಮಬಾಗದಲ್ಲೋ ಹತ್ತರಗಿಯಲ್ಲೋ ದುಡಿಯಲಿ. ಅಭಿವೃದ್ಧಿಶೀಲ ದೇಶಗಳವರಿಗೆಂದು ಜರ್ಮನಿಯ ಡಾಡ್ ಸಂಸ್ಥೆ ಕೊಡುವ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕೇ ಬೇಕು. ಪರಿಶಿಷ್ಟ ಜಾತಿಯ ಮಕ್ಕಳಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ, ಅಲ್ಪಸಂಖ್ಯಾತರಿಗೆ ವಿದೇಶ ವ್ಯಾಸಂಗದ ಸಾಲ ಇದೆ. ಖಾನಾಪುರದ ಹಳ್ಳಿಗಳಲ್ಲಿ ಇವುಗಳ ಹೆಸರು ಕೇಳಿದವರು ಕಡಿಮೆ. ಐಟಿಐ, ಡಿಪ್ಲೊಮಾ, ನರ್ಸಿಂಗ್ ಓದಿದವರಿಗೆ ‘ಔಸ್‌ಬಿಲ್ಡುಂಗ್’ ಎಂಬ ವೃತ್ತಿ ತರಬೇತಿ ಇದೆ. ಕಲಿಯುವಾಗಲೇ ಕಂಪನಿ ಭತ್ಯೆ ಕೊಡುತ್ತದೆ, ಜರ್ಮನ್ ಭಾಷೆ ಚೆನ್ನಾಗಿ ಬಂದಿರಬೇಕು ಅಷ್ಟೆ. ಎಲ್ಲ ದಾರಿಯೂ ಭಾಷೆಗೇ ಬಂದು ಸೇರುತ್ತದೆ, ಅದನ್ನು ಇಲ್ಲಿದ್ದೇ ಕಲಿಯಬಹುದು. ಪರೀಕ್ಷೆ ಬರೆಯಲು ಪುಣೆಯಲ್ಲಿ, ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನಗಳಿವೆ.

ಏಜೆಂಟ್ ‘ಅಡ್ಮಿಶನ್ ಖಾತ್ರಿ’ ಎಂದು ಖಾಸಗಿ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಎದ್ದು ಬನ್ನಿ. ಸರಕಾರಿ ವಿಶ್ವವಿದ್ಯಾಲಯದ ಸೀಟು ಸಿಗುವವರೆಗೆ ಕಾಯುವುದರಲ್ಲಿ ನಷ್ಟವಿಲ್ಲ. ಅಪ್ಪ-ಅವ್ವಂದಿರಲ್ಲಿ ನನ್ನ ಕೇಳಿಕೆ ಇಷ್ಟು: ಮಗನಾಗಲಿ ಮಗಳಾಗಲಿ ಜರ್ಮನ್ ಭಾಷೆಯ ಬಿ1 ಹಂತ ಪಾಸಾದ ಪ್ರಮಾಣಪತ್ರ ತಂದು ನಿಮ್ಮ ಮುಂದೆ ಇಡುವವರೆಗೆ ಮನೆಯ ಕಾಗದಪತ್ರ ಟ್ರಂಕಿನಿಂದ ಹೊರಗೆ ತೆಗೆಯಬೇಡಿ.