ಯಾರದೋ ಮಂಚ, ಯಾರದೋ ಕನ್ನಡಿ: ನಾಚಿಕೆ ಯಾತಕ್ಕೆ?



ಕಳೆದ ದೀಪಾವಳಿಗೆ ನಮ್ಮ ಮನೆಯಲ್ಲಿ ಸುಮಾರು ಮೂವತ್ತು ಜನರ ಊಟ. ಹೊರಗೆ ಲೀಡ್ಸಿನ ಮಾಮೂಲಿ ಮಳೆ. ಬಂದವರ ಕೋಟುಗಳನ್ನೆಲ್ಲ ಮಹಡಿ ಮೇಲಿನ ಮಲಗುವ ಕೋಣೆಯ ಮಂಚದ ಮೇಲೆ ರಾಶಿ ಹಾಕುವುದು ನಮ್ಮೆಲ್ಲರ ಮನೆಯ ಪದ್ಧತಿ ತಾನೆ? ಹಾಗೆ ಕೋಟು ಇಡಲು ಹೋದ ಇಬ್ಬರು ಕೋಣೆಯನ್ನು ಕಣ್ತುಂಬ ನೋಡಿದರು. ಇನ್ನೆರಡು ಕೋಟು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದ ನನ್ನ ಕಿವಿಗೆ ಬಿದ್ದ ಮಾತು ಇದು: "ಗಂಡ ಹೆಂಡತಿ ಇಬ್ಬರೂ ಡಾಕ್ಟರು, ಚಾರಿಟಿ ಅಂಗಡಿ ಮಂಚದ ಮೇಲೆ ಮಲಗ್ತಾರಲ್ರೀ! ಅದರ ಮೇಲೆ ಯಾರು ಸತ್ತಿದ್ದರೋ ಏನೋ!"

ಆಗ ನಕ್ಕು ಸುಮ್ಮನಾದೆ. ಆದರೆ ಜನವರಿಯ ಸಮಿತಿ ಸಭೆಯಲ್ಲಿ, ಯುಗಾದಿ ಕಾರ್ಯಕ್ರಮದ ದಿನ ಹಾಲಿನ ಒಂದು ಮೂಲೆಯಲ್ಲಿ ಮೇಜು ಹಾಕಿ, ಮನೆಯಲ್ಲಿ ಬಳಸದ ಸಾಮಾನನ್ನು ಬೇಕಾದವರು ಒಯ್ಯುವ ಏರ್ಪಾಡು ಮಾಡೋಣ ಎಂದು ಸೂಚಿಸಿದಾಗ ಬಂದ ಉತ್ತರ ನಗುವಂಥದ್ದಾಗಿರಲಿಲ್ಲ. "ಮೇಡಂ, ನಾವೇನು ಗುಜರಿ ಅಂಗಡಿ ಇಡಬೇಕೇ? ಸಂಘಕ್ಕೆ ಒಂದು ಘನತೆ ಬೇಡವೇ?" ಆ ಘನತೆಯ ವಿಚಾರವಾಗಿಯೇ ಎರಡು ಮಾತು ಬರೆಯಬೇಕೆನಿಸಿತು. ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ; ಇಷ್ಟವಾಗದವರು ಮುಂದಿನ ಸಂಚಿಕೆಯಲ್ಲಿ ಬರೆದು ನನ್ನನ್ನು ಬೈಯಬಹುದು.

ಮೊದಲು ಸತ್ತವರ ವಿಷಯ ಮುಗಿಸಿಬಿಡೋಣ. ನಾನು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಮೊದಲ ವರ್ಷದವರೆಲ್ಲ ಮಾಡುತ್ತಿದ್ದ ಮೊದಲ ವ್ಯಾಪಾರವೆಂದರೆ ಸೀನಿಯರ್‌ಗಳ ಹತ್ತಿರ ಚೌಕಾಸಿ ಮಾಡಿ ಮೂಳೆಗಳ ಸೆಟ್ಟು ಕೊಳ್ಳುವುದು. ಅದು ಮೂರನೆಯ ಕೈಯೋ ನಾಲ್ಕನೆಯ ಕೈಯೋ ದಾಟಿ ಬಂದಿರುತ್ತಿತ್ತು. ಚೀಲದಲ್ಲಿ ಕಟ್ಟಿ ಹಾಸ್ಟೆಲಿನ ಮಂಚದ ಕೆಳಗೆ ತಳ್ಳಿ, ಅದರ ಮೇಲೆ ಒಂದೂವರೆ ವರ್ಷ ಗಡದ್ದಾಗಿ ನಿದ್ದೆ ಮಾಡಿದ್ದೇವೆ. ನಮ್ಮ ಸಂಘದಲ್ಲಿ ಡಾಕ್ಟರುಗಳಿಗೇನು ಬರವೇ? ಅವರೆಲ್ಲ ಈಗ ಎದೆ ಮುಟ್ಟಿಕೊಂಡು ಹೇಳಲಿ, ಅಂದು ಸತ್ತವರ ಮೂಳೆಯೇ ಮೈಲಿಗೆಯಾಗದವರಿಗೆ ಇಂದು ಓಕ್ ಮರದ ಮಂಚ ಹೇಗೆ ಮೈಲಿಗೆಯಾಯಿತು?

ಇನ್ನು, ನಾವು ವಾಸಿಸುವ ಮನೆಗಳು? ನಮ್ಮದು 1930ರ ದಶಕದ ಮನೆ. ಎಷ್ಟು ಸಂಸಾರಗಳು ಇಲ್ಲಿ ಹುಟ್ಟಿ, ಹೆತ್ತು, ಸತ್ತು ಹೋಗಿವೆಯೋ! ಅದಕ್ಕೆ ಇಪ್ಪತ್ತೈದು ವರ್ಷ ಸಾಲ ತೀರಿಸುವುದು ಹೆಮ್ಮೆ. ವಿಕ್ಟೋರಿಯಾ ಕಾಲದ್ದಾದರೆ ಇನ್ನೂ ಹೆಮ್ಮೆ. ಅಜ್ಜಿಯ ಸರ ಕೊರಳಿಗೆ ಬಿದ್ದರೆ ಮನೆತನದ ಒಡವೆ. ನೀವು ಹೆರಿಗೆಗೆ ಮಲಗಿದ ಆಸ್ಪತ್ರೆಯ ಮಂಚವಂತೂ ಸೆಕೆಂಡ್ ಹ್ಯಾಂಡ್ ಅಲ್ಲ, ಸಾವಿರದ ಹ್ಯಾಂಡು. ಮೈಲಿಗೆ ಬರುವುದು ಚಾರಿಟಿ ಅಂಗಡಿಯ ಬಾಗಿಲಲ್ಲಿ ಮಾತ್ರ. ಹಾಗಾದರೆ ಇದು ಶುಚಿಯ ಪ್ರಶ್ನೆಯಲ್ಲ, ಯಾರಾದರೂ ನೋಡಿಯಾರು ಎಂಬ ಭಯ.

ನಮ್ಮ ಕೋಣೆಯ ಕತೆ ಕೇಳಿ. 2004ರಲ್ಲಿ ಈ ಮನೆಗೆ ಬಂದಾಗ ಕಂತಿನ ಮೇಲೆ ಬಿಳಿಯ ಬೆಡ್‌ರೂಂ ಸೆಟ್ಟು ಕೊಂಡೆವು. ಮರದ ಹುಡಿಗೆ ಅಂಟು ಕಲಸಿ ಒತ್ತಿದ ಹಲಗೆ, ಮೇಲೆ ಕಾಗದದಂಥ ಬಿಳಿ ಪದರ. ಹತ್ತು ವರ್ಷಕ್ಕೆ ಬೀರುವಿನ ಬುಡ ತೇವ ಕುಡಿದು ನೆಂದ ರಸ್ಕಿನಂತೆ ಉಬ್ಬಿತು. ತಿರುಪುಗಳು ಹಿಡಿಯಲಿಲ್ಲ. ಮಗ ಓದಲು ಹೋದ ಮೇಲೆ ಅದನ್ನು ತೆಗೆದುಹಾಕಿ, ಶನಿವಾರಗಳಂದು ಅಂಗಡಿ ಸುತ್ತಿದೆ. ನಲವತ್ತೈದು ಪೌಂಡಿಗೆ ಓಕ್ ಬೀರು ಸಿಕ್ಕಿತು. ಬಾಗಿಲ ಒಳಗಡೆ ಒಂದು ಮುದ್ರೆ: ಒಂದೊಂದು ತುಂಡು ಕತ್ತರಿಸಿ ತೆಗೆದ ಎರಡು ಗಿಣ್ಣಿನ ಬಿಲ್ಲೆಗಳಂಥ ಎರಡು "ಸಿ", ಮುಂದೆ 41. ಅದು ಯುದ್ಧಕಾಲದ ಸರಕಾರಿ ಮುದ್ರೆ. ಬಾಂಬಿಗೆ ಮನೆ ಕಳೆದುಕೊಂಡವರಿಗೂ ಹೊಸದಾಗಿ ಮದುವೆಯಾದವರಿಗೂ ಮಾತ್ರ ಚೀಟಿಯ ಮೇಲೆ ಸಿಗುತ್ತಿದ್ದ ಯುಟಿಲಿಟಿ ಪೀಠೋಪಕರಣ. 1942ರಿಂದ 1952ರವರೆಗೆ ಈ ಯೋಜನೆ ನಡೆಯಿತು. ಮರದ ಬರ ಇದ್ದ ಕಾಲದಲ್ಲಿ, ಒಂದೇ ಸಲ ಕೊಳ್ಳಲು ಶಕ್ತಿಯಿದ್ದವರಿಗಾಗಿ, ಬಾಳಿಕೆ ಬರುವಂತೆ ಮಾಡಿದ್ದು. ಎಪ್ಪತ್ತು ವರ್ಷ ದಾಟಿದ ಆ ಬಾಗಿಲು ಇಂದಿಗೂ ಒಂದು ಬೆರಳಿಗೆ ಮುಚ್ಚುತ್ತದೆ. ಮಂಚವೂ ಕನ್ನಡಿಯೂ ಹೀಗೇ ಒಂದೊಂದಾಗಿ ಬಂದವು. ಮೂರೂ ಸೇರಿ ಹಳೆಯ ಸೆಟ್ಟಿನ ಮೂರು ಕಂತಿನಷ್ಟೂ ಆಗಲಿಲ್ಲ. ಹಳೆಯ ವಾರ್ನಿಷ್ ಉಜ್ಜಿ ತೆಗೆದು ಎಣ್ಣೆ ಹಚ್ಚಿದವರು ನಮ್ಮ ಯಜಮಾನರು. ಅದಕ್ಕೂ ಮೊದಲು ಅವರು ಮನೆಯಲ್ಲಿ ಒಂದು ಮೊಳೆ ಹೊಡೆದದ್ದನ್ನೂ ನಾನು ಕಂಡಿರಲಿಲ್ಲ.

ಆ ಮಂಚದ ಮೇಲೆ ಹಾಸಿದ್ದು ನಮ್ಮ ಅವ್ವನ ಕೌದಿ. ದೀಪಾವಳಿಯ ದಿನ ಅದರ ಮೇಲೆಯೇ ಕೋಟು ಬಿದ್ದಿದ್ದವು, ಯಾರೂ ಗಮನಿಸಲಿಲ್ಲ. ಹುಬ್ಬಳ್ಳಿ ಧಾರವಾಡದ ಕಡೆಯವರಿಗೆ ಹೇಳಬೇಕಾಗಿಲ್ಲ. ಹಳೇ ಮೈಸೂರಿನವರಿಗಾಗಿ ಹೇಳುತ್ತೇನೆ: ಹಳೆ ಸೀರೆ, ಧೋತರ, ಲಂಗಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿದ್ದು ಕೌದಿ. ಅವ್ವನ ಕೌದಿಯಲ್ಲಿ ನನ್ನ ಶಾಲೆಯ ನೀಲಿ ಲಂಗವಿದೆ. ಅಪ್ಪನ ಪಟ್ಟೆ ಅಂಗಿಯಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರದು ಇನ್ನೊಂದು ಬಗೆ. ಅವರು ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಹೊಲಿಯುತ್ತ ಬಂದು, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ "ಫೂಲ" ಇಡುತ್ತಾರೆ. ಅಂಥ ಕೌದಿಗಳನ್ನು ಅಮೆರಿಕದ ಪ್ರದರ್ಶನಗಳಲ್ಲಿ ಚಿತ್ರದಂತೆ ಗೋಡೆಗೆ ತೂಗುಹಾಕಿದ್ದಾರೆ. ನಾವೋ, ಊರಿನಿಂದ ತಾಯಂದಿರು ಕಳಿಸಿದ್ದನ್ನು ಲಾಫ್ಟಿಗೆ ಎಸೆದು ಪಾಲಿಯೆಸ್ಟರ್ ರಜಾಯಿ ಹೊದ್ದು ಬೆವರುತ್ತೇವೆ.

ಚಿಂದಿಗೆ ಬೆಲೆಯಿಲ್ಲ ಎನ್ನುವವರು ಒಮ್ಮೆ ಬ್ಯಾಟ್ಲಿಗೆ ಹೋಗಿಬನ್ನಿ. ಲೀಡ್ಸಿನಿಂದ ಏಳೆಂಟು ಮೈಲಿ. 1813ರ ಸುಮಾರಿಗೆ ಅಲ್ಲಿ ಬೆಂಜಮಿನ್ ಲಾ ಎಂಬಾತ ಹಳೆ ಉಣ್ಣೆಬಟ್ಟೆಯ ಚಿಂದಿಯನ್ನು ಸೀಳಿ ನಾರು ಮಾಡಿ, ಹೊಸ ಉಣ್ಣೆಯ ಜೊತೆ ನೂತು ಬಟ್ಟೆ ನೇಯಿಸಿದ. ಅದರ ಹೆಸರು ಶಾಡಿ. ಇಂಗ್ಲಿಷಿನಲ್ಲಿ ಇವತ್ತು ಕಳಪೆ ಎಂದು ಬೈಯುವ ಶಬ್ದ ಅದೇ! ಆದರೆ ಬ್ಯಾಟ್ಲಿ, ಡ್ಯೂಸ್‌ಬರಿಗಳು ನೂರಕ್ಕೂ ಹೆಚ್ಚು ವರ್ಷ ಉಂಡದ್ದು ಆ ಚಿಂದಿಯ ಅನ್ನವನ್ನು. ಅಂಥ ಯಾರ್ಕ್‌ಶೈರಿನಲ್ಲಿ ಕೂತು ನಾವು ಕೌದಿಗೆ ನಾಚುತ್ತೇವೆ.

ಹಾಲ್ ಬೇರೆ ಮಾತು. ಅಲ್ಲಿ ಮೈಸೂರು ಪೇಂಟಿಂಗು, ಶ್ರೀಗಂಧದ ಆನೆ, ಚನ್ನಪಟ್ಟಣದ ಗೊಂಬೆ, ಎಲ್ಲ ಓರಣ. ಮೇಲೆ ಹತ್ತಿ ಹೋದರೆ ಮಲಗುವ ಕೋಣೆ ಗೋದಾಮು. ಬೀರುವಿನ ಮೇಲೆ ಸೂಟ್‌ಕೇಸು, ಮಂಚದ ಕೆಳಗೆ ಅಕ್ಕಿ ಮೂಟೆ, ಗೋಡೆ ಬೋಳು. ವಯಸ್ಸಾದವರ ವೈದ್ಯೆಯಾಗಿ ಮನೆಗಳಿಗೆ ಹೋದಾಗ ನಾನು ನೋಡುವುದು ಅದೇ ಕೋಣೆಯನ್ನು. ಕಾಲು ಸೋತ ಮೇಲೆ ದಿನದ ಹೆಚ್ಚು ಹೊತ್ತು ಕಳೆಯಬೇಕಾದದ್ದು ಅಲ್ಲೇ. ಎದುರಿಗೆ ನೋಡಲು ಏನಿದೆ ಎಂದು ಆಗ ಯೋಚಿಸಿದರೆ ತಡವಾಗಿರುತ್ತದೆ. ನನ್ನ ಎದುರಿಗೆ ಈಗ ಅತ್ತೆಯವರ ಹರಿದ ಇಳಕಲ್ ಸೀರೆಯ ಸೆರಗು ಹಳೆಯ ಚೌಕಟ್ಟಿನಲ್ಲಿದೆ. ಪಕ್ಕದಲ್ಲಿ ಮಗಳು ಲಾಕ್‌ಡೌನಿನಲ್ಲಿ ಅವಳ ಅಜ್ಜಿಯಿಂದ ಫೋನಿನ ಮೇಲೆ ಕಲಿತು ಹಾಕಿದ ಕಸೂತಿ. ಗವಂತಿ ಸರಿಯಾಗಿದೆ, ಮುರ್ಗಿ ಪರವಾಗಿಲ್ಲ, ನೇಗಿ ಎರಡು ಕಡೆ ತಪ್ಪಿದೆ. ತೆಗೆಯಗೊಡಲಿಲ್ಲ ನಾನು.

ಗಿಡಗಳ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿ ಎರಡು ಸುಳ್ಳುಗಳು ಓಡಾಡುತ್ತಿವೆ. ರಾತ್ರಿ ಗಿಡ ವಿಷಗಾಳಿ ಬಿಡುತ್ತದೆ ಎನ್ನುವುದು ಒಂದು. ಪಕ್ಕದಲ್ಲಿ ಗೊರಕೆ ಹೊಡೆಯುವ ಗಂಡ ಬಿಡುವುದರ ಮುಂದೆ ಅದು ಲೆಕ್ಕಕ್ಕಿಲ್ಲ. ಗಿಡ ಕೋಣೆಯ ಗಾಳಿ ಶುದ್ಧ ಮಾಡುತ್ತದೆ ಎನ್ನುವುದು ಇನ್ನೊಂದು. 1989ರಲ್ಲಿ ನಾಸಾದವರು ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ ಪ್ರಯೋಗದ ಬಾಲ ಹಿಡಿದು ಬಂದ ಮಾತು ಅದು. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ಲೆಕ್ಕ ಹಾಕಿದರು: ಮಾಮೂಲಿ ಗಾಳಿಯಾಟದಷ್ಟು ಕೆಲಸ ಆಗಬೇಕಾದರೆ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು. ಹತ್ತು ಚದರ ಮೀಟರಿನ ಕೋಣೆಗೆ ಕಡಿಮೆಯೆಂದರೂ ನೂರು ಕುಂಡ. ಮಲಗುವುದು ಎಲ್ಲಿ? ಕಿಟಕಿ ತೆರೆಯಿರಿ. ಗಿಡ ಬೇಕಾದ್ದು ಕಣ್ಣಿಗೆ. ಡಿಸೆಂಬರಿನಲ್ಲಿ ಇಲ್ಲಿ ಹಗಲೇ ಏಳೂವರೆ ಗಂಟೆ, ಆಗ ಒಂದು ಹಸಿರೆಲೆ ಕಂಡರೆ ಜೀವಕ್ಕೆ ಹಿತ. ಆದರೆ ತುಳಸಿ, ಕರಿಬೇವುಗಳನ್ನು ರೇಡಿಯೇಟರಿನ ಮೇಲಿನ ಕಿಟಕಿಯಲ್ಲಿಟ್ಟು ಪ್ರತಿವರ್ಷ ಕೊಲ್ಲಬೇಡಿ. ಕೆಳಗಿನಿಂದ ಬಿಸಿ, ರಾತ್ರಿ ಪರದೆಯ ಹಿಂದೆ ಚಳಿ, ಪಾಪ ಎಷ್ಟು ತಡೆದಾವು? ಹಾರ್ಲಿಕ್ಸ್ ಬಾಟಲಿಯಲ್ಲಿ ಬೆಳೆಯುತ್ತಿದ್ದ ನಮ್ಮ ಮನಿ ಪ್ಲಾಂಟು ಇಲ್ಲೂ ಬೆಳೆಯುತ್ತದೆ. ಸ್ಪೈಡರ್ ಪ್ಲಾಂಟು ಮರಿ ಹಾಕಿ ಹಾಕಿ ನಮಗೇ ಸಾಕು ಮಾಡುತ್ತದೆ. ಆ್ಯಸ್ಪಿಡಿಸ್ಟ್ರಾ ಎಂಬುದು ಕಲ್ಲಿದ್ದಲ ಹೊಗೆ, ಗ್ಯಾಸ್ ದೀಪದ ಮಬ್ಬಿನಲ್ಲೂ ವಿಕ್ಟೋರಿಯಾ ಕಾಲದ ಮನೆಗಳಲ್ಲಿ ಬದುಕಿದ ಗಟ್ಟಿ ಗಿಡ.

ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹಳೆಯ ಹಾಸಿಗೆ ಬೇಡವೇ ಬೇಡ. ತಿಗಣೆ, ಧೂಳಿನ ಹುಳ ಎರಡೂ ಅದರ ಹೊಲಿಗೆಯಲ್ಲಿರುತ್ತವೆ. ಮರದ ಸಂದುಗಳನ್ನೂ ಟಾರ್ಚ್ ಹಿಡಿದು ನೋಡಿ, ಹತ್ತಿಬಟ್ಟೆಯನ್ನು 60 ಡಿಗ್ರಿಯಲ್ಲಿ ಒಗೆಯಿರಿ. ಮೆತ್ತನೆ ಕುರ್ಚಿಯಾದರೆ ಬೆಂಕಿಯ ಲೇಬಲ್ ಹುಡುಕಿ. 1979ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ವುಲ್‌ವರ್ತ್ಸ್ ಅಂಗಡಿಯ ಪೀಠೋಪಕರಣ ವಿಭಾಗದಲ್ಲಿ ಫೋಮಿಗೆ ಬೆಂಕಿ ಹತ್ತಿ ಹತ್ತು ಜನ ಸತ್ತರು. ಅಂಥ ಅನಾಹುತಗಳ ನಂತರ 1988ರ ಕಾನೂನು ಬಂತು. ಬೀರುವನ್ನು ಹೊರಗೋಡೆಗೆ ಅಂಟಿಸದೆ ಎರಡಂಗುಲ ಬಿಡಿ, ಕೋಣೆಯಲ್ಲಿ ಬಟ್ಟೆ ಒಣಗಿಸಬೇಡಿ. ಬೂಷ್ಟು ಸಣ್ಣ ವಿಷಯವಲ್ಲ: 2020ರಲ್ಲಿ ರಾಚ್‌ಡೇಲಿನಲ್ಲಿ ಎರಡು ವರ್ಷದ ಕೂಸು ಅವಾಬ್ ಇಶಾಕ್ ತೀರಿಕೊಂಡದ್ದು ಮನೆಯ ಬೂಷ್ಟಿನಿಂದ ಎಂದು ವಿಚಾರಣೆಯಲ್ಲಿ ಸಿದ್ಧವಾಯಿತು.

ಇಷ್ಟಾದರೂ ನಾನು ಇದನ್ನು ಬರೆಯುತ್ತಿರಲಿಲ್ಲ, ಒಂದು ಜೋಡಿಯನ್ನು ನೋಡದಿದ್ದರೆ. ಹೋದ ವರ್ಷ ಊರಿಂದ ಬಂದ ಹುಡುಗಿ, ನರ್ಸು. ಗಂಡನಿಗೆ ಇನ್ನೂ ಕೆಲಸವಿಲ್ಲ. ಹೇರ್‌ಹಿಲ್ಸಿನ ಒಂದು ಬೆನ್ನಿಗೆ ಬೆನ್ನು ಹಚ್ಚಿದ ಮನೆಯಲ್ಲಿ ಬಾಡಿಗೆಗಿದ್ದಾರೆ. ಅವಳಿಗೆ ಫ್ಲೂ ಬಂದಿದೆಯೆಂದು ಸಾರು ಒಯ್ದಿದ್ದೆ. ನೆಲದ ಮೇಲೆ ಹಾಸಿಗೆ, ಕಾರ್ಡ್‌ಬೋರ್ಡ್ ಪೆಟ್ಟಿಗೆಯಲ್ಲಿ ಬಟ್ಟೆ. ಹೊಸ ಬೆಡ್‌ರೂಂ ಸೆಟ್ಟಿಗೆ ಕಂತು ಶುರುವಾಗಿ ಐದು ತಿಂಗಳಾಗಿತ್ತಂತೆ; ಬೀರು ಆ ಮನೆಯ ಕಡಿದಾದ ಮೆಟ್ಟಿಲಲ್ಲಿ ತಿರುಗದೆ ವಾಪಸು ಹೋಗಿತ್ತು, ಹಣದ ಜಗಳ ನಡೆದಿತ್ತು. "ಚಾರಿಟಿ ಅಂಗಡಿ ಬಸ್‌ಸ್ಟಾಪಿನ ಎದುರಿಗೇ ಇದೆಯಲ್ಲಮ್ಮ" ಎಂದೆ. ಅವಳು ಗೋಡೆ ನೋಡಿಕೊಂಡು ಹೇಳಿದಳು: "ಆಂಟಿ, ಸಂಘದವರು ಯಾರಾದರೂ ಮನೆಗೆ ಬಂದರೆ ಏನಂದುಕೊಳ್ತಾರೆ?"

ನಾವು, ಓದುಗರೇ. ಏನಂದುಕೊಳ್ತಾರೆ ಎಂಬ ಆ "ಸಂಘದವರು" ನೀವು ಮತ್ತು ನಾನು. ಅದೇ ವಾರ ನಮ್ಮಲ್ಲೊಬ್ಬರು ಮನೆ ಬದಲಿಸುವಾಗ ಎರಡು ಒಳ್ಳೆಯ ಡ್ರಾಯರ್ ಪೆಟ್ಟಿಗೆಗಳನ್ನು ಕೌನ್ಸಿಲ್ಲಿನ ಕಸಕ್ಕೆ ಹಾಕಿದ್ದು ನನಗೆ ಗೊತ್ತು. ಕೊಡುವುದಕ್ಕೆ ಸಂಕೋಚವಾಯಿತಂತೆ. ಕೊಡುವವರಿಗೂ ನಾಚಿಕೆ, ಪಡೆಯುವವರಿಗೂ ನಾಚಿಕೆ. ನಡುವೆ ಲಾಭ ಸಾಲ ಕೊಡುವ ಕಂಪನಿಗೆ. ಈ ಘನತೆ ಕಾಪಾಡಲು ನಾವು ವರ್ಷಕ್ಕೆ ಸದಸ್ಯ ಶುಲ್ಕ ಕಟ್ಟಬೇಕೇ?

ಸಮಿತಿ ಒಪ್ಪಲಿ ಬಿಡಲಿ, ಯುಗಾದಿಯ ದಿನ ಹಾಲಿನ ಹಿಂಬಾಗಿಲ ಬಳಿ ನನ್ನ ಕಾರಿನ ಡಿಕ್ಕಿ ತೆರೆದಿರುತ್ತದೆ. ಅದರಲ್ಲಿ ಅಂಚು ಸ್ವಲ್ಪ ಕಪ್ಪಾದ ಒಂದು ಅಂಡಾಕಾರದ ಕನ್ನಡಿ, ಒಂದು ಮೇಜುದೀಪ, ಮೊಸರಿನ ಡಬ್ಬಿಗಳಲ್ಲಿ ಆರು ಸ್ಪೈಡರ್ ಮರಿಗಳು ಇರುತ್ತವೆ. ಡ್ರಾಯರ್ ಪೆಟ್ಟಿಗೆ, ಸಣ್ಣ ಬೀರು ಇರುವವರು ಅಳತೆ ಬರೆದ ಚೀಟಿ ತಂದರೂ ಸಾಕು, ವ್ಯಾನಿನ ವ್ಯವಸ್ಥೆ ನಮ್ಮ ಯಜಮಾನರದು. ಹಳೆಯ ಹಾಸಿಗೆ ಮಾತ್ರ ದಯವಿಟ್ಟು ತರಬೇಡಿ.

— ಲೀಡ್ಸಿನ ಒಬ್ಬ ಸದಸ್ಯೆ