ಮಳೆಗಾಲದ ಇನ್ನೊಂದು ಸಂಗ್ರಹ

ಪತ್ತನಾಜೆ ಕಳೆಯಿತೆಂದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಲ್ಲಿ ಮಳೆಗಾಲದ ಸಿದ್ಧತೆಯು ಬಹುಮಟ್ಟಿಗೆ ಮುಗಿದಿರುತ್ತದೆ. ಸೌದೆಯು ಕೊಟ್ಟಿಗೆಯನ್ನೂ, ಒಣಗಿದ ಹಪ್ಪಳವು ಡಬ್ಬವನ್ನೂ, ಹಲಸಿನ ಸೊಳೆಯು ಉಪ್ಪುನೀರಿನ ಭರಣಿಯನ್ನೂ ಸೇರಿರುತ್ತವೆ. ಈ ದೂರದೃಷ್ಟಿಯನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾದುದಿಲ್ಲ. ಆದರೆ ಈಗ ಮನೆಮನೆಗೂ ಬಂದು ಸೇರಿರುವ ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ಅದು ಸಾಲದೆಂಬುದು ನಮ್ಮ ಅನುಭವ. ಆ ವಸ್ತುವೇ ಸ್ಮಾರ್ಟ್‌ಫೋನಿನ ಬ್ಯಾಟರಿ.

ಕಳೆದ ಆಟಿ ತಿಂಗಳಲ್ಲಿ ನಡೆದುದನ್ನು ವಾಚಕರಿಗೆ ತಿಳಿಸುವೆವು. ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿ ನಮ್ಮ ಬಂಧುಗಳಾದ ವೃದ್ಧೆಯೊಬ್ಬರು ಒಬ್ಬರೇ ವಾಸವಾಗಿರುವರು. ಮರ ಬಿದ್ದು ತಂತಿಯು ಕಡಿದುಹೋಗಿ ಎರಡು ದಿನ ವಿದ್ಯುತ್ತು ಇರಲಿಲ್ಲ. ಮೊದಲನೆಯ ಸಂಜೆಯೇ ಅವರ ಫೋನು ನಿಂತುಹೋಯಿತು. ಮುಂಬಯಿಯಲ್ಲಿರುವ ಮಗನು ರಾತ್ರಿಯೆಲ್ಲ ಕರೆದು ಕರೆದು ಉತ್ತರ ಕಾಣದೆ, ಬೆಳಗಾಗುತ್ತಲೇ ಮೂಡುಬಿದಿರೆಯಿಂದ ನಮ್ಮನ್ನು ಅಲ್ಲಿಗೆ ಓಡಿಸಿದನು. ನಾವು ಹೋದಾಗ ಅವರು ಒಲೆಯ ಮುಂದೆ ಕುಳಿತು ಗಂಜಿ ಬೇಯಿಸುತ್ತಿದ್ದರು. “ನನಗೇನೂ ಆಗಲಿಲ್ಲ ಮಾರಾಯರೆ, ಸತ್ತದ್ದು ಫೋನು” ಎಂದರು. ನಾವೂ ನಕ್ಕೆವು. ಆದರೆ ಅಂಗಳಕ್ಕೆ ನೀರು ಏರಿದ್ದರೆ? 1974ರಲ್ಲಿ ನೇತ್ರಾವತಿಯು ಬಂಟ್ವಾಳ ಪೇಟೆಯನ್ನು ಹೊಕ್ಕುದನ್ನೂ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಕಡೆ ಗುಡ್ಡಗಳು ಜರಿದುದನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿಚಾರಿಸಿದಾಗ ಕಾರಣವೂ ತಿಳಿಯಿತು. ಫೋನಿಗೆ ಶೀತ ಹಿಡಿಯಬಾರದೆಂದು ಅವರು ಅದನ್ನು ಮಳೆಗಾಲವೆಲ್ಲ ಒಲೆಯ ಮೇಲಿನ ಹಲಗೆಯಲ್ಲಿಟ್ಟು, ಅಲ್ಲಿಯೇ ರಾತ್ರಿಯಿಡೀ ಚಾರ್ಜು ಮಾಡುತ್ತಿದ್ದರು. ಆರೈಕೆಯೇ ಅದಕ್ಕೆ ಮುಳುವಾಗಿತ್ತು.

ಈಗಿನ ಫೋನುಗಳಲ್ಲಿರುವುದು ಲಿಥಿಯಂ-ಅಯಾನ್ ಜಾತಿಯ ಬ್ಯಾಟರಿ. 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದಕ್ಕೆ ತಳಹದಿ ಹಾಕಿದ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಚಾರ್ಜು ಮಾಡುವಾಗ ಲಿಥಿಯಂ ಕಣಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಸಾಗುವುವು, ಬಳಸುವಾಗ ಹಿಂದಿರುಗುವುವು. ಈ ಹೋಗಿಬರುವಿಕೆಯಲ್ಲಿ ಕೆಲವು ಕಣಗಳು ಒಳಗಿನ ಅನ್ಯ ಕ್ರಿಯೆಗಳಿಗೆ ಸಿಕ್ಕಿ ನಿರುಪಯೋಗವಾಗುತ್ತವೆ. ಉಷ್ಣವು ಹೆಚ್ಚಿದಷ್ಟೂ, ಬ್ಯಾಟರಿಯು ಪೂರ್ಣ ತುಂಬಿದ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಈ ನಷ್ಟವು ಬೇಗನೆ ಬೆಳೆಯುತ್ತದೆ.

ಆದುದರಿಂದ ಬ್ಯಾಟರಿಯು ಹಲವು ವರ್ಷ ಬಾಳಬೇಕೆಂದು ಬಯಸುವವರು ಅದನ್ನು ಒಲೆಯ ಬಳಿ, ಬಿಸಿಲು ಬೀಳುವ ಕಿಟಕಿಯಲ್ಲಿ, ನಿಲ್ಲಿಸಿದ ಕಾರಿನೊಳಗೆ ಇಡಬಾರದು. ದಿಂಬಿನಡಿಯಲ್ಲಿಟ್ಟು ಚಾರ್ಜು ಮಾಡಲೇಬಾರದು. ಸುತ್ತಲಿನ ಉಷ್ಣವು 35 ಡಿಗ್ರಿ ಸೆಲ್ಸಿಯಸ್ ಮೀರದಿರುವುದು ಒಳ್ಳೆಯದು. ನಿತ್ಯದ ಬಳಕೆಗೆ ಶೇಕಡಾ 20ರಿಂದ 80ರೊಳಗೆ ಇದ್ದರೆ ಸಾಕು. 80ಕ್ಕೆ ತಾನೇ ನಿಲ್ಲುವ ಏರ್ಪಾಡು ಅನೇಕ ಫೋನುಗಳಲ್ಲಿಯೇ ಉಂಟು. ಪೂರ್ಣ ಬರಿದಾದ ಮೇಲೆಯೇ ಚಾರ್ಜು ಮಾಡಬೇಕೆಂಬ ನಂಬಿಕೆಯು ಹಿಂದಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಇಂದಿನವುಗಳಿಗೆ ಅದು ಸಲ್ಲದು.

ಇನ್ನು ಒಂದು ದಿನದ ಚಾರ್ಜನ್ನು ಹಿಗ್ಗಿಸುವ ವಿಷಯ. ಫೋನಿನಲ್ಲಿ ಹೆಚ್ಚು ಶಕ್ತಿಯನ್ನು ನುಂಗುವುದು ಪರದೆಯ ಬೆಳಕು; ಅದನ್ನು ತಗ್ಗಿಸಿರಿ. ಗುಡ್ಡಕಾಡುಗಳ ಮರೆಯಲ್ಲಿ ನೆಟ್‌ವರ್ಕು ಕ್ಷೀಣಿಸಿದಾಗ ಫೋನು ದೂರದ ಟವರನ್ನು ಮುಟ್ಟಲು ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ. ಸುಮ್ಮನೆ ಜೇಬಿನಲ್ಲಿದ್ದರೂ ಖಾಲಿಯಾಗುವುದು ಇದರಿಂದಲೇ. ಅಂತಹ ಸ್ಥಳಗಳಲ್ಲಿ ಇಂಟರ್ನೆಟ್ಟನ್ನೂ ಸ್ಥಳಸೂಚಕವನ್ನೂ ನಿಲ್ಲಿಸಿ, ಬ್ಯಾಟರಿ ಉಳಿಸುವ ಏರ್ಪಾಡನ್ನು ಹಾಕಿಡುವುದು ಲೇಸು.

ಆದರೆ ಮೇಲಿನ 80ರ ನಿಯಮಕ್ಕೆ ಒಂದು ಅಪವಾದವುಂಟು. ಈ ಲೇಖನದ ಉದ್ದೇಶವೇ ಅದು. ಭಾರೀ ಮಳೆಯ ಮುನ್ಸೂಚನೆ ಬಂದ ದಿನ ಬ್ಯಾಟರಿಯ ಆಯುಸ್ಸನ್ನು ಎಣಿಸಬೇಡಿರಿ. ಅಂದು ಫೋನನ್ನೂ, ಇದ್ದರೆ ಪವರ್ ಬ್ಯಾಂಕನ್ನೂ ಸಂಜೆಗೆ ಮೊದಲೇ ಶೇಕಡಾ 100ರವರೆಗೆ ತುಂಬಿಸಿರಿ. ಗುಡುಗು ತೊಡಗಿದೊಡನೆ ಚಾರ್ಜರನ್ನು ಕಳಚಿಡಿರಿ. ವಿದ್ಯುತ್ತು ಹೋದರೆ ಫೋನನ್ನು ಆರಿಸಿಟ್ಟು, ಬೆಳಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ಹತ್ತು ನಿಮಿಷ ತೆರೆಯುವುದೆಂದು ದೂರದ ಮಕ್ಕಳೊಡನೆ ಮೊದಲೇ ಮಾತಾಡಿಟ್ಟುಕೊಳ್ಳಿರಿ. ಆಗ ಅವರಿಗೆ ಆತಂಕವಿರದು. ಅಗತ್ಯ ಬಿದ್ದರೆ 112ಕ್ಕೆ ಕರೆಯಲು ನಿಮ್ಮಲ್ಲಿ ಚಾರ್ಜೂ ಉಳಿದಿರುವುದು. ಒದ್ದೆಯಾದ ಫೋನನ್ನು ಚಾರ್ಜಿಗೆ ಹಾಕಬಾರದು. ಬ್ಯಾಟರಿಯು ಉಬ್ಬಿದ್ದರೆ ಅದನ್ನು ಒತ್ತದೆ, ಚುಚ್ಚದೆ, ಕೂಡಲೇ ಅಂಗಡಿಯಲ್ಲಿ ಬದಲಾಯಿಸಬೇಕು.

ನಮ್ಮ ಆ ಬಂಧುಗಳ ಫೋನಿಗೆ ಹೊಸ ಬ್ಯಾಟರಿಯನ್ನು ಹಾಕಿಸಿದ್ದೇವೆ. ಈಗ ಅದರ ಸ್ಥಾನ ಒಲೆಯ ಮೇಲಲ್ಲ, ಚಾವಡಿಯ ಗೋಡೆಯ ಗೂಡಿನಲ್ಲಿ. ಸಂಜೆ ಆರಕ್ಕೆ ಮಗನ ಕರೆ ತಪ್ಪದೆ ಬರುತ್ತದೆಂದು ಮೊನ್ನೆ ತಿಳಿಸಿದರು. ವಾಚಕರ ಮನೆಗಳಲ್ಲಿಯೂ ಈ ಮಳೆಗಾಲವು ಕ್ಷೇಮವಾಗಿ ಕಳೆಯಲಿ.