ಕಲ್ಲಿನಲ್ಲಿ ನಿಂತ ನರ್ತನ, ಕಾಗದದಲ್ಲಿ ಉಳಿದ ನಾದ

ಹದಿನೇಳು ಹದಿನೆಂಟನೆಯ ಶತಮಾನಗಳ ಐರೋಪ್ಯ ವಾದಕರು, ಬೆರಳಿನಿಂದ ಮೀಟಿ ನುಡಿಸುವ ಲ್ಯೂಟ್ ಎಂಬ ತಂತೀವಾದ್ಯವೊಂದಕ್ಕಾಗಿಯೇ, ಅಲಮಾಂಡ್, ಕುರಾಂತ್, ಸಾರಾಬಾಂದ್, ಜೀಗ್ ಎಂಬ ಭಿನ್ನಗತಿಯ ನರ್ತನಗಳನ್ನು ಒಂದೇ ಶ್ರುತಿಯಲ್ಲಿ ಕೋದು ಮಾಲಿಕೆಗಳನ್ನು ರಚಿಸಿದರು. ಅಲ್ಲಿ ಕುಣಿಯುವ ಪಾದಗಳಿಲ್ಲ. ಕುಣಿತದ ಲಯವೆಲ್ಲವೂ ಏಕಾಕಿಯಾದ ವಾದಕನ ಬೆರಳುಗಳಲ್ಲಿ ಅಡಗಿದೆ. 1583ರಲ್ಲಿ ಸ್ಪೇನ್ ದೇಶದಲ್ಲಿ ಅಶ್ಲೀಲವೆಂದು ನಿಷಿದ್ಧವಾಗಿದ್ದ ಸಾರಾಬಾಂದ್, ಈ ವಾದ್ಯದ ಮೇಲೆ ವಿಲಂಬಗತಿಯ ಗಂಭೀರ ಧ್ಯಾನವಾಗಿ ಪರಿಣಮಿಸಿದುದನ್ನು ಕೇಳಿದವನಿಗೆ, ನರ್ತನವು ನಾದವಾಗಿ ಪಡೆಯುವ ಪುನರ್ಜನ್ಮದಲ್ಲಿ ನಂಬಿಕೆ ಹುಟ್ಟದಿರದು.

ಸಂಗೀತಕಾರ ಬಾಖನ ಸಮಕಾಲೀನನಾಗಿ, ಅವನು ತೀರಿಕೊಂಡ 1750ರಲ್ಲಿಯೇ ತೀರಿಕೊಂಡ ಡ್ರೆಸ್ಡೆನ್ ಆಸ್ಥಾನದ ಸಿಲ್ವಿಯಸ್ ಲಿಯೋಪೋಲ್ಡ್ ವೈಸ್ ರಚಿಸಿದ ನೂರಾರು ನರ್ತನಗಳು ಇಂದಿಗೂ ನಮಗೆ ಲಭ್ಯವಾಗಿರುವುದಕ್ಕೆ ಕಾರಣ, ಗೆರೆಗಳು ತಂತಿಗಳನ್ನೂ ಅವುಗಳ ಮೇಲಣ ಅಕ್ಷರಗಳು ಬೆರಳೊತ್ತಬೇಕಾದ ಮೆಟ್ಟುಗಳನ್ನೂ ಸೂಚಿಸುವ ಸರಳವಾದ ಒಂದು ಲಿಪಿ. ಆ ಶತಮಾನದ ಕೊನೆಗೆ ವಾದ್ಯವೇ ಬಳಕೆ ತಪ್ಪಿತು, ಹಾಳೆಗಳು ಉಳಿದುವು, ಇಪ್ಪತ್ತನೆಯ ಶತಮಾನದ ವಾದಕರು ಅವನ್ನು ಓದಿ ನಾದವನ್ನು ಮರಳಿ ಪಡೆದರು.

ಇನ್ನು ನಮ್ಮ ಬಾಗಲಕೋಟೆಯ ಸೀಮೆಯಲ್ಲಿ ನರ್ತನ ಉಳಿದುದು ಹಾಳೆಯಲ್ಲಲ್ಲ, ಕಲ್ಲಿನಲ್ಲಿ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಹದಿನೆಂಟು ತೋಳುಗಳ ನಟರಾಜನು ನರ್ತಿಸುತ್ತಿದ್ದಾನೆ. ಅವನ ಪಕ್ಕದಲ್ಲಿ ವಾದ್ಯ ಬಾರಿಸುವವನೂ ಇದ್ದಾನೆ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ ಚಾಲುಕ್ಯ ರಾಣಿ ಲೋಕಮಹಾದೇವಿ, ದೊರೆ ವಿಜಯಾದಿತ್ಯನು ಗಾಯಕರಿಗೆ ಹಿಂದೆ ಕೊಟ್ಟಿದ್ದ ಮರ್ಯಾದೆಗಳನ್ನು ಸ್ಥಿರಪಡಿಸಿದಳೆಂದು ಅಲ್ಲಿಯ ಶಾಸನವೇ ಸಾರುತ್ತದೆ. ಗಾಯಕರಿಗೆ ದತ್ತಿಯುಂಟು, ದತ್ತಿಗೆ ಶಾಸನವುಂಟು. ಅವರು ಹಾಡಿದ ಸ್ವರ ಮಾತ್ರ ಎಲ್ಲಿಯೂ ಇಲ್ಲ. ಸ್ವರಗಳನ್ನು ಕಲ್ಲಿನಲ್ಲಿ ಕಂಡರಿಸುವ ಕ್ರಮ ದಕ್ಷಿಣದೇಶಕ್ಕೆ ಅಪರಿಚಿತವಾಗಿತ್ತೆನ್ನಲಾಗದು. ಪುದುಕ್ಕೋಟ್ಟೈ ಸೀಮೆಯ ಕುಡುಮಿಯಾನ್‌ಮಲೆಯ ಬಂಡೆಯ ಮೇಲೆ ಪ್ರಾಚೀನ ಸ್ವರಾವಳಿಗಳು ಇಂದಿಗೂ ಓದಲು ದೊರೆಯುತ್ತವೆ.

ನಮ್ಮ ಸಂಗೀತದ ಪ್ರಾಣವು ಗಮಕದಲ್ಲಿಯೂ ಮನೋಧರ್ಮದಲ್ಲಿಯೂ ಇರುವುದರಿಂದ ಬರೆಹ ನಿಷ್ಫಲವೆಂದು ಹೇಳುವವರುಂಟು. ಈ ಆಕ್ಷೇಪ ನನಗೆ ಒಪ್ಪಿಗೆಯಾಗದು. ಲ್ಯೂಟ್ ವಾದಕರ ಪೂರ್ವಪೀಠಿಕೆಗಳಲ್ಲಿ ಅನೇಕವು ಕಾಲಪ್ರಮಾಣವನ್ನೇ ಬಿಟ್ಟು ಬರೆದಂಥವು. ಅಲಂಕಾರಗಳನ್ನು ಬಹುಮಟ್ಟಿಗೆ ವಾದಕನ ಅಭಿರುಚಿಗೇ ಒಪ್ಪಿಸಲಾಗಿತ್ತು. ಬರೆಹವು ಅಸ್ಥಿಪಂಜರವಾದರೂ ಅದಿಲ್ಲದೆ ಮುಂದಿನವರು ಮಾಂಸವನ್ನು ತುಂಬುವುದಾದರೂ ಯಾವುದಕ್ಕೆ?

ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡು ತಮ್ಮಣ್ಣನು ಬಯಲಾಟವಾಗಿ ಬೆಳೆಸಿದ ಶ್ರೀಕೃಷ್ಣಪಾರಿಜಾತ ಈ ಸೀಮೆಯಲ್ಲಿ ಇನ್ನೂ ಜೀವಂತವಾಗಿದೆ; ಜಾತ್ರೆಯ ಮೆರವಣಿಗೆಗಳಲ್ಲಿ ಕರಡಿ ಮಜಲು ಇನ್ನೂ ಮೊಳಗುತ್ತದೆ. ಪಾರಿಜಾತದ ಪದಗಳ ಸಾಹಿತ್ಯ ಅಚ್ಚಾಗಿದೆ. ಆದರೆ ಸತ್ಯಭಾಮೆಯ ಪ್ರವೇಶಕ್ಕೆ ಹಿಮ್ಮೇಳದವರು ಹಿಡಿಯುವ ಗತಿ ಯಾವುದು, ಪೇಟಿಯವನು ಪದದಿಂದ ಪದಕ್ಕೆ ಸಾಗುವ ಬಗೆ ಹೇಗೆ ಎಂಬುದು ವೃದ್ಧ ಕಲಾವಿದರ ಸ್ಮೃತಿಯನ್ನೇ ಆಶ್ರಯಿಸಿದೆ.

ಕರ್ನಾಟಕ ಬಯಲಾಟ ಅಕಾಡೆಮಿಯ ನೆಲೆ ಬಾಗಲಕೋಟೆಯಲ್ಲಿಯೇ ಇರುವುದರಿಂದ ಈ ಸ್ಮೃತಿಯನ್ನು ಬರೆಹಕ್ಕಿಳಿಸುವ ಕಾರ್ಯವನ್ನು ದೂರದವರಿಂದ ನಿರೀಕ್ಷಿಸಬೇಕಾಗಿಲ್ಲ. ಬಾದಾಮಿ, ಹುನಗುಂದ, ಇಳಕಲ್ಲಿನ ಸುತ್ತಣ ಮೇಳಗಳ ಹಿರಿಯರನ್ನು ಸಂಗೀತಜ್ಞರೊಡನೆ ಕುಳ್ಳಿರಿಸಿ, ಪ್ರತಿಯೊಂದು ಪದದ ಮಟ್ಟು, ತಾಳ, ಗತಿಗಳನ್ನು ಸ್ವರಲಿಪಿಯಲ್ಲಿ ಬರೆಯಿಸಿ, ಧ್ವನಿಮುದ್ರಣ ಸಹಿತವಾಗಿ ಪ್ರಕಟಿಸಬೇಕು. ಹೇಳಿಕೊಟ್ಟ ಕಲಾವಿದನ ಹೆಸರು ಆ ಪುಟದ ನೆತ್ತಿಯಲ್ಲಿರಬೇಕು, ಅವನಿಗೆ ಯೋಗ್ಯ ಸಂಭಾವನೆಯೂ ಸಲ್ಲಬೇಕು.